ಹಳ್ಳಿಮನೆಗೆ ಮುಂಗಡ ಕೊಡುವ ಮುನ್ನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆರೆಸಿ: ಉತ್ತರ ಕನ್ನಡದ ಮನೆಗಳಿಗೆ ಹಂತಹಂತದ ಮಾರ್ಗದರ್ಶಿ

ಪ್ರತಿ ವರ್ಷ ಜುಲೈ ಬಂತೆಂದರೆ ನನಗೆ ಒಂದೇ ಬಗೆಯ ಫೋನ್ ಕರೆಗಳು ಬರತೊಡಗುತ್ತವೆ. ಫೆಬ್ರುವರಿಯಲ್ಲೋ ಮಾರ್ಚ್‌ನಲ್ಲೋ ಕುಮಟಾ, ಅಂಕೋಲಾ, ಶಿರಸಿ ಕಡೆ ಹಳೆಯ ಮನೆಯೊಂದನ್ನು ನೋಡಿ, ಮಳೆಗಾಲಕ್ಕೆ ಮೊದಲೇ ನೋಂದಣಿ ಮುಗಿಸಿ, ಗೃಹಪ್ರವೇಶದ ಊಟವನ್ನೂ ಹಾಕಿಸಿದವರು ಇವರು. ಈಗ ಕಮೋಡಿನಲ್ಲಿ ನೀರು ಇಳಿಯುತ್ತಿಲ್ಲ, ಬಚ್ಚಲಿನ ತೂಬಿನಿಂದ ಗುಳುಗುಳು ಸದ್ದು ಬರುತ್ತಿದೆ, ಬಾವಿಯ ನೀರು ವಾಸನೆ ಹೊಡೆಯುತ್ತಿದೆ. ಕೊಳ್ಳುವಾಗ ಮಾಡು, ಮರಮಟ್ಟು, ಗೆದ್ದಲು, ಪಹಣಿ ಎಲ್ಲವನ್ನೂ ನೋಡಿರುತ್ತಾರೆ. ಹಿತ್ತಲಿನ ಚಪ್ಪಡಿಯ ಕೆಳಗೆ ಏನಿದೆ ಎಂದು ಮಾತ್ರ ನೋಡಿರುವುದಿಲ್ಲ.

ಸೆಪ್ಟಿಕ್ ಟ್ಯಾಂಕ್ ಸರಿಯಿಲ್ಲದ ಮನೆಯನ್ನು ಕೊಳ್ಳಲೇಬಾರದು ಎಂದು ನಾನು ಹೇಳುವುದಿಲ್ಲ. ಟ್ಯಾಂಕ್ ಕೆಟ್ಟಿದ್ದರೆ ಹೊಸದು ಕಟ್ಟಿಸಬಹುದು. ಆದರೆ ಹೊಸದನ್ನು ಕಟ್ಟಲು ತಕ್ಕ ಜಾಗ ಆ ಅಂಗಳದಲ್ಲಿ ಇಲ್ಲದಿದ್ದರೆ ಎಷ್ಟು ದುಡ್ಡು ಸುರಿದರೂ ಪ್ರಯೋಜನವಿಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ಟ್ಯಾಂಕಿಗಿಂತ ನೆಲ ಮತ್ತು ಬಾವಿಯ ಮಾತೇ ಹೆಚ್ಚು. ಹಂತಗಳ ಕ್ರಮವನ್ನು ಬದಲಿಸಬೇಡಿ. ಮೊದಲ ಆರು ಹಂತಗಳು ಮುಂಗಡ ಹಣ ಕೊಡುವುದಕ್ಕೆ ಮೊದಲೇ ಮುಗಿಯಬೇಕು.

ಜೊತೆಗೆ ಒಯ್ಯಬೇಕಾದ ಸಾಮಾನು

30 ಮೀಟರಿನ ಅಳತೆ ಟೇಪು, ಟಾರ್ಚು, ಚಪ್ಪಡಿ ಎತ್ತಲು ಹಾರೆ, ರಬ್ಬರ್ ಕೈಗವಸು, ಮೂರು ಮೀಟರ್ ಉದ್ದದ ಬಿದಿರು ಗಳ, ಅದರ ತುದಿಗೆ ಸುತ್ತಲು ಹಳೆಯ ಬಿಳಿ ಟವೆಲ್, ಎರಡು ಬಕೆಟ್, ನೀರು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿ ಎರಡು. ಜೊತೆಗೆ ಒಬ್ಬ ಗೌಂಡಿ ಇರಲಿ. ಅವರು ಮಾರುವವರ ಕಡೆಯವರಾಗಿರಬಾರದು, ದಲ್ಲಾಳಿ ಗೊತ್ತುಮಾಡಿದವರೂ ಆಗಿರಬಾರದು.

ಹಂತ 1: ಮಾರುವವರನ್ನು ಕೇಳಿ, ಆಮೇಲೆ ಪಕ್ಕದ ಮನೆಯವರನ್ನು ಕೇಳಿ

ಟ್ಯಾಂಕನ್ನು ಯಾವಾಗ ಕಟ್ಟಿದ್ದು? ಕೊನೆಯ ಸಲ ಖಾಲಿ ಮಾಡಿಸಿದ್ದು ಯಾವಾಗ, ಯಾವ ಗಾಡಿ ಬಂದಿತ್ತು? ಬಚ್ಚಲಿನ ನೀರು, ಅಡುಗೆಮನೆಯ ನೀರು ಎಲ್ಲಿಗೆ ಹೋಗುತ್ತದೆ? ಮನೆಯಲ್ಲಿ ಎಷ್ಟು ಜನ ವಾಸವಿದ್ದರು? ಆಷಾಢದ ಮಳೆಯಲ್ಲಿ ಏನಾದರೂ ತೊಂದರೆ ಆಗುತ್ತದೆಯೇ?

ಇಲ್ಲಿ ಹೆಚ್ಚಿನವರು ಮೋಸಹೋಗುವ ಉತ್ತರ ಒಂದಿದೆ: 'ಇಪ್ಪತ್ತು ವರ್ಷವಾಯಿತು, ಒಂದು ಸಲವೂ ತೆಗೆಸಿಲ್ಲ, ಅಷ್ಟು ಚೆನ್ನಾಗಿದೆ.' ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ, ಹೆಮ್ಮೆಯಿಂದಲೇ ಹೇಳುತ್ತಾರೆ. ಆದರೆ ನಿಜವಾದ ಸೆಪ್ಟಿಕ್ ಟ್ಯಾಂಕಿನಲ್ಲಿ ಗಸಿ ತುಂಬಲೇಬೇಕು. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ತೆಗೆಸಲೇಬೇಕು. ಇಪ್ಪತ್ತು ವರ್ಷವಾದರೂ ತುಂಬದಿದ್ದರೆ ಅದಕ್ಕೆ ತಳವಿಲ್ಲ ಎಂದೇ ಅನುಮಾನಿಸಿ. ಒಳಗೆ ಬಿದ್ದದ್ದೆಲ್ಲ ನೆಲಕ್ಕೆ ಇಳಿದಿದೆ, ನೆಲದಿಂದ ಯಾರದೋ ಬಾವಿಗೆ ಹೋಗಿದೆ.

ಪಕ್ಕದ ಮನೆಯಲ್ಲಿ ಕೇಳುವುದನ್ನು ಮರೆಯಬೇಡಿ. ಹೊನ್ನಾವರದ ಹತ್ತಿರ ಒಂದು ಮನೆ ನೋಡಲು ಹೋದಾಗ, ಬೇಲಿಯಾಚೆ ಹೂವು ಕೊಯ್ಯುತ್ತಿದ್ದ ವಯಸ್ಸಾದ ಅಮ್ಮನವರನ್ನು ಸುಮ್ಮನೆ ಮಾತನಾಡಿಸಿದೆ. 'ಆ ಬಾವಿಯ ನೀರು ಬೇಸಿಗೆಯಲ್ಲಿ ಸಿಹಿ, ತಮ್ಮಾ. ಮಳೆಗಾಲದಲ್ಲಿ ಅವರು ಕುಡಿಯಲು ನಮ್ಮ ಬಾವಿಯಿಂದ ಒಯ್ಯುತ್ತಿದ್ದರು' ಎಂದರು. ಮಾರುವವರು ಅರ್ಧ ಗಂಟೆ ಮಾತನಾಡಿದ್ದರೂ ಈ ಸಂಗತಿ ಬಂದಿರಲಿಲ್ಲ.

ಹಂತ 2: ಮುಚ್ಚಳ ತೆಗೆಸಿ, ಒಳಗಿರುವುದು ಏನೆಂದು ಗುರುತಿಸಿ

ಮೊದಲು ಎಚ್ಚರಿಕೆ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ನೋಡಬೇಡಿ. ದೂರ ಸರಿದು ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಒಳಗೆ ಮೀಥೇನ್ ಇರುತ್ತದೆ, ಹತ್ತಿರದಲ್ಲಿ ಬೀಡಿ, ಬೆಂಕಿಕಡ್ಡಿ ಇರಕೂಡದು. ಹೈಡ್ರೋಜನ್ ಸಲ್ಫೈಡ್ ಕೂಡ ಇರುತ್ತದೆ. ಅದು ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ, ಹಾಗಾಗಿ ವಾಸನೆ ಇಲ್ಲವೆಂದು ಧೈರ್ಯ ಮಾಡಬೇಡಿ. ಹಳೆಯ ಚಪ್ಪಡಿಯ ಕಬ್ಬಿಣ ತುಕ್ಕು ತಿಂದು ಪೊಳ್ಳಾಗಿರಬಹುದು, ಅದರ ಮೇಲೆ ನಿಲ್ಲಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಯಾವ ಕಾರಣಕ್ಕೂ ಯಾರನ್ನೂ ಒಳಗೆ ಇಳಿಸಬೇಡಿ. ರಕ್ಷಣಾ ಸಲಕರಣೆಯಿಲ್ಲದೆ ಮನುಷ್ಯರನ್ನು ಟ್ಯಾಂಕಿಗೆ ಇಳಿಸಿ ತೆಗೆಸುವುದು, ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನಿಗಿಂತ ದೊಡ್ಡದು ಒಂದು ಜೀವ. ಇಳಿದವರನ್ನು ಉಳಿಸಲು ಇಳಿದವರೂ ಸತ್ತ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆಮತ್ತೆ ಓದುತ್ತಿದ್ದೇವೆ.

ಈಗ ಟಾರ್ಚಿನ ಬೆಳಕಿನಲ್ಲಿ ನೋಡಿ. ನಮ್ಮ ಕಡೆ ಮೂರು ಬಗೆ ಸಿಗುತ್ತವೆ.

ಒಂದನೆಯದು ಒಂಟಿ ಗುಂಡಿ. ಗಾರೆ ಹಾಕದೆ ಜೋಡಿಸಿದ ಚಿರೆಕಲ್ಲು ಅಥವಾ ಒಂದರ ಮೇಲೊಂದು ಇಳಿಸಿದ ಸಿಮೆಂಟ್ ರಿಂಗು, ತಳದಲ್ಲಿ ಬರೀ ಮಣ್ಣು. ಊರಿನವರು ಇದನ್ನೂ ಸೆಪ್ಟಿಕ್ ಟ್ಯಾಂಕ್ ಎಂದೇ ಕರೆಯುತ್ತಾರೆ. ಇದು ಟ್ಯಾಂಕ್ ಅಲ್ಲ. ಎರಡನೆಯದು ಸರ್ಕಾರದ ಶೌಚಾಲಯ ಯೋಜನೆಗಳಲ್ಲಿ ಕಟ್ಟಿಸಿದ ಅವಳಿ ಗುಂಡಿ. ಒಂದು ಗುಂಡಿ ತುಂಬಿದಾಗ ನೀರನ್ನು ಇನ್ನೊಂದಕ್ಕೆ ತಿರುಗಿಸುವ ಸಣ್ಣ ಚೇಂಬರ್ ನಡುವೆ ಇರುತ್ತದೆ. ಅದನ್ನೂ ತೆರೆಸಿ ನೋಡಿ, ಎರಡೂ ಗುಂಡಿಗೆ ಒಟ್ಟಿಗೇ ಹರಿಯುತ್ತಿದ್ದರೆ ವ್ಯವಸ್ಥೆ ಕೆಟ್ಟಿದೆ ಎಂದರ್ಥ. ಕುಡಿಯುವ ಬಾವಿಯಿಂದ ದೂರವಿದ್ದು, ನೆಲದ ನೀರು ಆಳದಲ್ಲಿದ್ದರೆ ಸಣ್ಣ ಕುಟುಂಬಕ್ಕೆ ಇದು ಸಾಕಾಗುತ್ತದೆ. ಮೂರನೆಯದು ತಳಕ್ಕೂ ಗೋಡೆಗೂ ಗಿಲಾವು ಆಗಿರುವ, ನೀರು ಸೋರದ ನಿಜವಾದ ಟ್ಯಾಂಕು, ಅದರಾಚೆ ಇಂಗುಗುಂಡಿ, ಅಂದರೆ ಟ್ಯಾಂಕಿನಿಂದ ಹೊರಬಂದ ನೀರನ್ನು ನೆಲಕ್ಕೆ ಇಂಗಿಸುವ ಗುಂಡಿ.

ಗಳವನ್ನು ತಳಕ್ಕೆ ಊರಿ ನೋಡಿ. ಗಟ್ಟಿ ನೆಲಕ್ಕೆ ಟಕ್ಕೆಂದು ತಾಗಿದರೆ ತಳವಿದೆ. ಒತ್ತಿದಷ್ಟೂ ಮೆತ್ತಗೆ ಇಳಿಯುತ್ತಾ ಹೋದರೆ ಮಣ್ಣು.

ಇನ್ನು ನೀರಿನ ಮಟ್ಟ. ಹಣ ಖರ್ಚಿಲ್ಲದೆ ಸಿಗುವ ಅತಿ ಮುಖ್ಯ ಸುಳಿವು ಇದೇ. ವಾಸವಿರುವ ಮನೆಯ ಸರಿಯಾದ ಟ್ಯಾಂಕಿನಲ್ಲಿ ನೀರು ಯಾವಾಗಲೂ ಹೊರಹೋಗುವ ಪೈಪಿನ ಮಟ್ಟಕ್ಕೇ ನಿಂತಿರುತ್ತದೆ. ಅದಕ್ಕಿಂತ ಕೆಳಗಿದ್ದರೆ ಟ್ಯಾಂಕ್ ಸೋರುತ್ತಿದೆ. ಮೇಲಿದ್ದರೆ ಇಂಗುಗುಂಡಿ ಕಟ್ಟಿಕೊಂಡಿದೆ, ಇಲ್ಲವೇ ನಡುವಿನ ಪೈಪು ಮುಚ್ಚಿದೆ. ಗೋಡೆಯಲ್ಲಿ ಪೈಪಿಗಿಂತ ಎತ್ತರದಲ್ಲಿ ಕಪ್ಪು ಗೆರೆ ಕಂಡರೆ, ಹಿಂದಿನ ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಏರಿತ್ತು.

ಗಳದ ತುದಿಗೆ ಬಿಳಿ ಟವೆಲ್ಲನ್ನು ಒಂದು ಮೀಟರ್ ಉದ್ದಕ್ಕೆ ಬಿಗಿಯಾಗಿ ಸುತ್ತಿ, ತಳಕ್ಕೆ ಇಳಿಸಿ, ಐದು ನಿಮಿಷ ಬಿಟ್ಟು ನಿಧಾನವಾಗಿ ಎತ್ತಿ. ಕೆಳಭಾಗ ದಟ್ಟ ಕಪ್ಪಾಗಿಯೂ ಮೇಲ್ಭಾಗ ತೆಳು ಕಂದಾಗಿಯೂ ಬರುತ್ತದೆ. ಆ ಎರಡು ಬಣ್ಣಗಳ ನಡುವಿನ ಗೆರೆಯೇ ಗಸಿಯ ಎತ್ತರ. ಗಸಿಯೂ ಮೇಲಿನ ಕೆನೆಯೂ ಸೇರಿ ನೀರಿನ ಆಳದ ಮೂರನೇ ಒಂದು ಭಾಗ ದಾಟಿದ್ದರೆ ಖಾಲಿ ಮಾಡಿಸುವ ಕಾಲ ಮೀರಿದೆ.

ಅಳತೆಯನ್ನೂ ಬರೆದುಕೊಳ್ಳಿ. ಸೆಪ್ಟಿಕ್ ಟ್ಯಾಂಕ್ ಕಟ್ಟುವ ಬಗೆಗಿನ ಭಾರತೀಯ ಮಾನಕ 2470ರ ಪ್ರಕಾರ ಐದು ಜನರ ಮನೆಗೆ ಒಳ ಅಳತೆ ಕನಿಷ್ಠ 1.5 ಮೀಟರ್ ಉದ್ದ, 75 ಸೆಂಟಿಮೀಟರ್ ಅಗಲ, ಒಂದು ಮೀಟರ್ ನೀರಿನ ಆಳ ಬೇಕು. ಹತ್ತು ಜನರಿಗೆ 2 ಮೀಟರ್ ಉದ್ದ, 90 ಸೆಂಟಿಮೀಟರ್ ಅಗಲ. ಎರಡು ವರ್ಷಕ್ಕೊಮ್ಮೆ ತೆಗೆಸುವುದಾದರೆ ಆಳ 1.4 ಮೀಟರ್. ಅಜ್ಜ, ಅಜ್ಜಿ ಇಬ್ಬರೇ ಇದ್ದ ಮನೆಗೆ ಸಾಕಾಗಿದ್ದ ಟ್ಯಾಂಕು, ವಾರಕ್ಕೊಮ್ಮೆ ಅತಿಥಿಗಳು ಬರುವ ಹೋಮ್‌ಸ್ಟೇಗೆ ಸಾಕಾಗುವುದಿಲ್ಲ.

ಮನೆ ತೋರಿಸುವ ವಾರವೇ ಟ್ಯಾಂಕ್ ಖಾಲಿ ಮಾಡಿಸಿದ್ದರೆ ಅಥವಾ ಮುಚ್ಚಳಕ್ಕೆ ಹೊಸ ಸಿಮೆಂಟ್ ಮೆತ್ತಿದ್ದರೆ, ಈ ಪರೀಕ್ಷೆಗಳಾವುವೂ ನಡೆಯುವುದಿಲ್ಲ. ಮನೆಯಲ್ಲಿ ಜನ ವಾಸವಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಬನ್ನಿ. 'ಮುಚ್ಚಳ ತೆಗೆಯಲು ಆಗುವುದಿಲ್ಲ' ಎಂದು ಹಟ ಹಿಡಿದರೆ ಆ ಮನೆಯನ್ನು ಬಿಡಿ.

ಹಂತ 3: ನೀರು ಸುರಿದು ನೋಡಿ

ಅರ್ಧ ಗಂಟೆಯಲ್ಲಿ ಕಮೋಡಿಗೂ ಬಚ್ಚಲಿಗೂ ಸೇರಿ ಇಪ್ಪತ್ತು ಬಕೆಟ್ ನೀರು ಸುರಿಯಿರಿ. ಒಬ್ಬರು ಟ್ಯಾಂಕಿನ ಹತ್ತಿರ ನಿಂತು ಮಟ್ಟ ನೋಡುತ್ತಿರಲಿ. ನೀರು ಏರಿ, ಹದಿನೈದು ನಿಮಿಷದಲ್ಲಿ ಮತ್ತೆ ಪೈಪಿನ ಮಟ್ಟಕ್ಕೆ ಇಳಿಯಬೇಕು. ಏರಿದ್ದು ಹಾಗೆಯೇ ನಿಂತರೆ ಇಂಗುಗುಂಡಿ ಕುಡಿಯುತ್ತಿಲ್ಲ. ಮಾರ್ಚ್ ತಿಂಗಳಲ್ಲೇ ಇಂಗದ ನೆಲ ಜುಲೈಯಲ್ಲಿ ಹೇಗೆ ಇಂಗಿಸೀತು?

ಬಚ್ಚಲಿನ ನೀರು ಟ್ಯಾಂಕಿಗೆ ಬರದಿದ್ದರೆ ಅದು ಎಲ್ಲಿ ಹೊರಬೀಳುತ್ತದೆ ಎಂದು ಹಿಂಬಾಲಿಸಿ. ಟ್ಯಾಂಕಿನ ಇಂಗುಗುಂಡಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲದಿದ್ದರೆ, ಪಾಗಾರದ ಹಿಂದೆ, ಹಳ್ಳದ ದಂಡೆಯಲ್ಲಿ, ಅಡಿಕೆ ತೋಟದ ಬಸಿಗಾಲುವೆಯಲ್ಲಿ ಹುಡುಕಿ. ಕಲ್ಲಿನ ಸಂದಿಯಲ್ಲಿ ನಾಲ್ಕು ಇಂಚಿನ ಪೈಪಿನ ಬಾಯಿ ಸಿಕ್ಕರೆ, ಅಷ್ಟು ವರ್ಷ ಕೊಳಚೆ ನೇರವಾಗಿ ಹೊರಗೆ ಹರಿದಿದೆ. ಹಿತ್ತಲಿನ ಒಂದೇ ಕಡೆ ಕೆಸುವು ಆಳೆತ್ತರ ಬೆಳೆದಿರುವುದು, ಒಂದು ಬಾಳೆಯ ಬುಡ ಮಾತ್ರ ಬೇಸಿಗೆಯಲ್ಲೂ ತೇವವಾಗಿ ಕಪ್ಪಗಿರುವುದು ಕೂಡ ಇದೇ ಕಥೆ ಹೇಳುತ್ತವೆ.

ಹಂತ 4: ಬಾವಿಯನ್ನು ಅಳೆಯಿರಿ, ನೀರನ್ನು ಪರೀಕ್ಷಿಸಿ

ಈ ಹಂತಕ್ಕೆ ಒಂದು ದಿನ ಪೂರ್ತಿ ಹೋದರೂ ಬೇಸರಿಸಬೇಡಿ.

ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಕನಿಷ್ಠ 18 ಮೀಟರ್, ಮನೆಗೂ ಇಂಗುಗುಂಡಿಗೂ ನಡುವೆ ಕನಿಷ್ಠ 6 ಮೀಟರ್ ಇರಬೇಕೆಂದು ಅದೇ ಮಾನಕ ಹೇಳುತ್ತದೆ. ಟೇಪು ಹಿಡಿದು ನಾಲ್ಕು ಅಳತೆ ತೆಗೆದುಕೊಳ್ಳಿ: ನಿಮ್ಮ ಗುಂಡಿಯಿಂದ ನಿಮ್ಮ ಬಾವಿಗೆ, ನಿಮ್ಮ ಗುಂಡಿಯಿಂದ ಪಕ್ಕದವರ ಬಾವಿಗೆ, ಪಕ್ಕದವರ ಗುಂಡಿಯಿಂದ ನಿಮ್ಮ ಬಾವಿಗೆ, ಮೇಲ್ಗಡೆಯ ಮನೆಯ ಗುಂಡಿಯಿಂದ ನಿಮ್ಮ ಬಾವಿಗೆ. ಕೊನೆಯ ಎರಡನ್ನು ಯಾರೂ ಅಳೆಯುವುದಿಲ್ಲ. ನಿಮ್ಮ ಟ್ಯಾಂಕನ್ನು ನೀವು ಚಿನ್ನದಂತೆ ಕಟ್ಟಿಸಿದರೂ ಬೇಲಿಯಾಚೆಯ ಒಂಟಿ ಗುಂಡಿ ನಿಮ್ಮ ಬಾವಿಗೆ ಇಳಿಯುತ್ತಿದ್ದರೆ ಏನು ಮಾಡುತ್ತೀರಿ?

18 ಮೀಟರ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯೂ ಅಲ್ಲ. ಚಿರೆಕಲ್ಲಿನ ನೆಲ ಮೇಲಿಂದ ಗಟ್ಟಿಯಾಗಿ ಕಂಡರೂ ಒಳಗೆಲ್ಲ ತೂತು, ಪೊಟರೆ, ಬಿರುಕು. ಕೊಳಚೆ ನೀರು ಅದರೊಳಗೆ ಸೋಸಿಕೊಳ್ಳದೆ ಓಡಿಬಿಡುತ್ತದೆ. ಕರಾವಳಿಯ ಉಸುಕಿನಲ್ಲಿ ಬೇರೆ ತೊಂದರೆ: ಮಳೆಗಾಲದಲ್ಲಿ ನೆಲದ ನೀರು ಮೇಲೇರಿ ಗುಂಡಿಯ ತಳವನ್ನೇ ಮುಟ್ಟುತ್ತದೆ, ಆಗ ಗುಂಡಿಯ ನೀರೂ ಬಾವಿಯ ನೀರೂ ಒಂದೇ. ಆದ್ದರಿಂದ ಅಳತೆಯ ಜೊತೆ ನೀರಿನ ಪರೀಕ್ಷೆಯೂ ಬೇಕು.

ಎಚ್‌ಟುಎಸ್ ಬಾಟಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೈ ತೊಳೆದುಕೊಂಡು, ಬಾಟಲಿಯ ಒಳಭಾಗವನ್ನು ಮುಟ್ಟದೆ, ಬಾವಿಯಿಂದ ಆಗತಾನೆ ಎತ್ತಿದ ನೀರನ್ನು ಗೆರೆಯವರೆಗೆ ತುಂಬಿಸಿ, ಬಿಸಿಲು ಬೀಳದ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ಗಂಟೆಯೊಳಗೆ ನೀರು ಕಪ್ಪಾದರೆ ಮಲದ ಸೋಂಕು ಇದೆ ಎಂದು ತಿಳಿಯಬೇಕು. ಮೇಲೆ ಹೇಳಿದ ಹೊನ್ನಾವರದ ಮನೆಯ ನೀರನ್ನು ನಾನು ಸಂಜೆ ತುಂಬಿಸಿ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಲೋಟದಲ್ಲಿ ಹಿಡಿದರೆ ಸ್ಫಟಿಕದಂತಿದ್ದ ನೀರು. ಮರುದಿನ ಮಧ್ಯಾಹ್ನ ಊಟದ ಹೊತ್ತಿಗೆ ಬಾಟಲಿಯ ತಳದಿಂದ ಕಪ್ಪು ಏಳತೊಡಗಿತು, ಸಂಜೆಗೆ ಶಾಯಿಯಂತಾಗಿತ್ತು. ಕೊಳ್ಳಲು ಬಂದಿದ್ದ ದಂಪತಿ ಆ ಬಾಟಲಿಯನ್ನು ಬಹಳ ಹೊತ್ತು ನೋಡುತ್ತಾ ಕುಳಿತಿದ್ದರು. ಅವರಿಗೆ ಎರಡು ವರ್ಷದ ಮಗು ಇತ್ತು.

ಬಾಟಲಿ ಕಪ್ಪಾಗದಿದ್ದರೂ ಪ್ರಯೋಗಾಲಯಕ್ಕೆ ಒಂದು ಮಾದರಿ ಕಳುಹಿಸಿ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ನೀರು ಪರೀಕ್ಷಾ ಪ್ರಯೋಗಾಲಯದ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಬಹುದು. ವರದಿಯಲ್ಲಿ ಎರಡನ್ನು ನೋಡಿ: 100 ಮಿಲಿಲೀಟರ್ ನೀರಿನಲ್ಲಿ ಇ. ಕೋಲಿ ಒಂದೂ ಇರಬಾರದು, ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಶಿಶುಗಳಿಗೆ ಅದು ಅಪಾಯಕಾರಿ.

ಹಂತ 5: ಹೊಸ ಟ್ಯಾಂಕಿಗೆ ಜಾಗವಿದೆಯೇ ನೋಡಿ

ಕಾಗದದ ಮೇಲೆ ಅಂಗಳದ ನಕ್ಷೆ ಬರೆದು, ಎಲ್ಲ ಬಾವಿಗಳ ಸುತ್ತ 18 ಮೀಟರಿನ ವೃತ್ತ, ಮನೆಯ ಸುತ್ತ 6 ಮೀಟರಿನ ಪಟ್ಟಿ ಎಳೆಯಿರಿ. ಉಳಿದ ಜಾಗದಲ್ಲಿ ಮಾತ್ರ ಇಂಗುಗುಂಡಿ ಬರಬಹುದು. ಎಷ್ಟೋ ಅಂಗಳಗಳಲ್ಲಿ ಏನೂ ಉಳಿಯುವುದಿಲ್ಲ.

ಉಳಿದ ಜಾಗ ನೀರು ಇಂಗಿಸುತ್ತದೆಯೇ ಎಂದು ಪರೀಕ್ಷಿಸಿ. ಇಂಗುಗಾಲುವೆಯ (ಗುಂಡಿಯ ಬದಲು ಟ್ಯಾಂಕಿನ ನೀರನ್ನು ಉದ್ದಕ್ಕೂ ನೆಲಕ್ಕೆ ಇಂಗಿಸುವ ಕಾಲುವೆ) ಆಳಕ್ಕೆ ಒಂದಡಿ ಅಗಲದ ಕುಳಿ ತೋಡಿ, ಅಂಚನ್ನು ಕೆರೆದು, ತಳಕ್ಕೆ ಎರಡು ಇಂಚು ಜಲ್ಲಿ ಹಾಕಿ, ರಾತ್ರಿಯಿಡೀ ನೀರು ತುಂಬಿಸಿಡಿ. ಮರುದಿನ ಜಲ್ಲಿಯ ಮೇಲೆ ಅರ್ಧ ಅಡಿ ನೀರು ನಿಲ್ಲಿಸಿ, ಒಂದು ಇಂಚು ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಿ. 30 ನಿಮಿಷದೊಳಗಾದರೆ ಇಂಗುಗುಂಡಿ ನಡೆಯುತ್ತದೆ. 30ರಿಂದ 60 ಆದರೆ ಉದ್ದನೆಯ ಇಂಗುಗಾಲುವೆ ಬೇಕು. 60 ಮೀರಿದರೆ ನೆಲ ಕುಡಿಯುವುದಿಲ್ಲ, ಬೇರೆ ಬಗೆಯ ಸಂಸ್ಕರಣೆಯನ್ನು ಎಂಜಿನಿಯರರಿಂದಲೇ ವಿನ್ಯಾಸ ಮಾಡಿಸಬೇಕು. ತೀರಾ ಬೇಗ, ಒಂದೆರಡು ನಿಮಿಷದಲ್ಲೇ ಇಳಿದುಹೋದರೆ ಹಿಗ್ಗಬೇಡಿ. ಅದು ಚಿರೆಕಲ್ಲಿನ ಪೊಟರೆಯಾಗಿರಬಹುದು.

ಶಿರಸಿ, ಸಿದ್ದಾಪುರ ಕಡೆಯ ಇಳಿಜಾರಿನ ಮನೆಗಳಲ್ಲಿ ಇನ್ನೊಂದನ್ನು ಕೇಳಬೇಕು: ಮಳೆಗಾಲದಲ್ಲಿ ಒರತೆ ಏಳುವುದು ಎಲ್ಲಿ? ಬೇಸಿಗೆಯಲ್ಲಿ ಒಣಗಿ ನಿಂತ ಧರೆಯ ಬುಡದಲ್ಲೇ ಆಗಸ್ಟ್‌ನಲ್ಲಿ ನೀರು ಜಿನುಗುತ್ತದೆ. ಅಲ್ಲಿ ತೋಡಿದ ಇಂಗುಗುಂಡಿ ನೀರು ಕುಡಿಯುವ ಬದಲು ನೀರು ಕೊಡುವ ಗುಂಡಿಯಾಗುತ್ತದೆ. ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರು ಬರುವ ತಗ್ಗಿನ ಗದ್ದೆ) ಬದಿಯ ಮನೆಗಳಲ್ಲಿ ಸಮುದ್ರದ ಉಬ್ಬರದ ಹೊತ್ತಿಗೆ ನೆಲದ ನೀರು ಏರುವುದನ್ನೂ ಗಮನಿಸಿ. ಮಳೆಗಾಲದ ನೀರಿನ ಮಟ್ಟ ನೆಲದಿಂದ 1.8 ಮೀಟರಿನೊಳಗೆ ಬರುವ ಜಾಗದಲ್ಲಿ ಮಾಮೂಲಿ ಇಂಗುಗುಂಡಿ ಬೇಡ, ಇಂಗುಗಾಲುವೆಯನ್ನು ಮಣ್ಣು ಏರಿಸಿ ದಿಬ್ಬದ ಮೇಲೆ ಮಾಡಬೇಕಾಗುತ್ತದೆ. ಸಾಧ್ಯವಿದ್ದರೆ ಮನೆಯನ್ನು ಜುಲೈ ಅಥವಾ ಆಗಸ್ಟ್‌ನಲ್ಲಿ ಮತ್ತೊಮ್ಮೆ ನೋಡಿ, ಆಮೇಲೆಯೇ ನಿರ್ಧರಿಸಿ. ಮಾರುವವರು ಅವಸರ ಮಾಡಿದರೂ ನೀವು ಮಾಡಬೇಡಿ.

ಹಂತ 6: ಗುಂಡಿ ಯಾರ ಜಾಗದಲ್ಲಿದೆ?

ಇ-ಸ್ವತ್ತಿನ ನಮೂನೆ 9 ಮತ್ತು 11, ಪಹಣಿ, ಋಣಭಾರ ಪತ್ರ ಇವುಗಳನ್ನು ಎಲ್ಲರೂ ನೋಡುತ್ತಾರೆ. ಅದರ ಜೊತೆಗೆ ಟ್ಯಾಂಕೂ ಇಂಗುಗುಂಡಿಯೂ ಗಡಿಯ ಒಳಗೇ ಇವೆಯೇ ಎಂದು ಅಳೆಸಿ. ಘಟ್ಟದ ಮೇಲಿನ ಎಷ್ಟೋ ಮನೆಗಳಲ್ಲಿ ಗುಂಡಿ ಬೆಟ್ಟದಲ್ಲಿರುತ್ತದೆ. ಸೊಪ್ಪಿನ ಬೆಟ್ಟ ಅರಣ್ಯದ ಜಾಗ. ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಇದೆಯೇ ಹೊರತು ಅದು ಮಾರುವವರ ಸ್ವಂತದ್ದಲ್ಲ, ಅಲ್ಲಿ ನೀವು ಹೊಸ ಟ್ಯಾಂಕ್ ಕಟ್ಟಲಾಗದು. ಅತಿಕ್ರಮಣದ ಜಾಗವಾದರೂ ಅದೇ ಮಾತು. ಸಮುದ್ರದ ಉಬ್ಬರ ರೇಖೆಯಿಂದ 500 ಮೀಟರಿನೊಳಗೆ, ಹೊಳೆ ಮತ್ತು ಹಿನ್ನೀರಿನ ದಂಡೆಯಲ್ಲಿ ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯಿಸುತ್ತದೆ. ಸಂಸ್ಕರಿಸದ ಕೊಳಚೆಯನ್ನು ಹೊರಬಿಡುವುದು ಅಲ್ಲಿ ನಿಷಿದ್ಧ, ಹೊಸ ಕಟ್ಟೋಣಕ್ಕೆ ಮೊದಲು ಅನುಮತಿ ವಿಚಾರಿಸಿ.

ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಯಂತ್ರದ ಗಾಡಿ ಮನೆಯ ಹತ್ತಿರ ಬರುತ್ತದೆಯೇ? ಸಂಕದಾಚೆಯ ಮನೆ, ಗದ್ದೆಯ ಬದುವಿನ ದಾರಿಯ ಮನೆಗಳಿಗೆ ಬರುವುದಿಲ್ಲ. ಗಾಡಿಯವರಿಗೆ ಫೋನ್ ಮಾಡಿ ಅವರ ಪೈಪಿನ ಉದ್ದ ಕೇಳಿ, ರಸ್ತೆಯಿಂದ ಟ್ಯಾಂಕಿನವರೆಗೆ ಅಳೆದುಕೊಳ್ಳಿ.

ಹಂತ 7: ಖರ್ಚನ್ನು ಕರಾರಿಗೆ ಸೇರಿಸಿ

ಇಬ್ಬರು ಗೌಂಡಿಗಳಿಂದ ಬೇರೆಬೇರೆಯಾಗಿ ಅಂದಾಜು ಬರೆಸಿಕೊಳ್ಳಿ. ಹಳೆಯದನ್ನು ಖಾಲಿ ಮಾಡಿ ಮುಚ್ಚುವುದು, ಹೊಸ ಟ್ಯಾಂಕು, ಇಂಗುಗಾಲುವೆ, ಪೈಪು, ಸಾಮಾನು ಹೊರುವ ಕೂಲಿ ಎಲ್ಲ ಸೇರಿರಲಿ. ಫೋಟೊ, ಅಳತೆ, ನೀರಿನ ವರದಿ ಮುಂದಿಟ್ಟು ಮರ್ಯಾದೆಯಿಂದ ಮಾತನಾಡಿ. ಹೆಚ್ಚಿನವರು ತಲೆಮಾರುಗಳಿಂದ ಹಾಗೆಯೇ ಬದುಕಿದವರು, ಅವರನ್ನು ಅಪರಾಧಿಗಳಂತೆ ಕಾಣಬೇಡಿ.

ಒಪ್ಪಿದ್ದು ಬಾಯಿಮಾತಿನಲ್ಲಿ ಉಳಿಯಬಾರದು. ಕರಾರು ಪತ್ರದಲ್ಲಿ ಹೀಗೊಂದು ಸಾಲು ಇರಲಿ: 'ಶೌಚದ ಟ್ಯಾಂಕು, ಇಂಗುಗುಂಡಿ ಮತ್ತು ಅವುಗಳ ಪೈಪುಗಳು ಸದರಿ ಸ್ವತ್ತಿನ ಗಡಿಯೊಳಗೇ ಇರುತ್ತವೆ. ಅವುಗಳ ದುರಸ್ತಿಗಾಗಿ ಕ್ರಯದ ಮೊತ್ತದಲ್ಲಿ ಇಂತಿಷ್ಟು ರೂಪಾಯಿ ಕಡಿಮೆ ಮಾಡಲು ಉಭಯತರು ಒಪ್ಪಿರುತ್ತಾರೆ.' ವಕೀಲರಿಗೆ ತೋರಿಸಿ, ಪದಗಳನ್ನು ಅವರು ಸರಿಪಡಿಸಲಿ.

ಇಂಗುಗುಂಡಿಗೆ ಎಲ್ಲೂ ಜಾಗವಿಲ್ಲ, ಬಾವಿ ಮಲಿನವಾಗಿದೆ, ಬೇರೆ ನೀರಿನ ಮೂಲವೂ ಇಲ್ಲ ಎಂದಾದರೆ ಬೆಲೆ ಎಷ್ಟೇ ಇಳಿದರೂ ಆ ಮನೆ ಬೇಡ.

ಹಂತ 8: ಕೊಂಡ ಮೇಲೆ ಮಾಡುವ ಕೆಲಸದ ಕ್ರಮ

ಮೊದಲ ದಿನದಿಂದಲೇ ಅನುಮಾನದ ಬಾವಿಯ ನೀರು ಕುಡಿಯುವುದನ್ನು ನಿಲ್ಲಿಸಿ. ಬ್ಲೀಚಿಂಗ್ ಪುಡಿ ಹಾಕಿದರೆ ತಾತ್ಕಾಲಿಕವಾಗಿ ಶುದ್ಧವಾಗುತ್ತದೆ, ಆದರೆ ಗುಂಡಿ ಇರುವವರೆಗೆ ಸೋಂಕು ಮರಳುತ್ತಲೇ ಇರುತ್ತದೆ. ಮಾಡಿನ ನೀರು, ಅಂಗಳದ ನೀರು ಟ್ಯಾಂಕಿನತ್ತ ಹರಿಯದಂತೆ ಕಾಲುವೆ ತಿರುಗಿಸಿ. ಅರ್ಧ ತೊಂದರೆ ಇಷ್ಟಕ್ಕೇ ಕಡಿಮೆಯಾದ ಮನೆಗಳನ್ನು ನೋಡಿದ್ದೇನೆ.

ಅಗೆತದ ಕೆಲಸ ದೀಪಾವಳಿಯ ನಂತರ ಶುರುವಾಗಲಿ. ಮಳೆಯಲ್ಲಿ ಉಸುಕು ಕುಸಿಯುತ್ತದೆ. ನೆಲದ ನೀರು ಮೇಲಿರುವಾಗ ಖಾಲಿ ಮಾಡಿದ ಪ್ಲಾಸ್ಟಿಕ್ ಟ್ಯಾಂಕು ದೋಣಿಯಂತೆ ತೇಲಿ ಮೇಲೇಳಬಹುದು. ಚಿರೆಕಲ್ಲಿನಲ್ಲಿ ಕಟ್ಟುವುದಾದರೆ ಒಳಗೆ ತಳಕ್ಕೂ ಗೋಡೆಗೂ ಸಿಮೆಂಟ್ ಗಿಲಾವು ಕಡ್ಡಾಯ, ಆ ಕಲ್ಲು ತಾನಾಗಿ ನೀರು ತಡೆಯುವುದಿಲ್ಲ. ಕ್ಯೂರಿಂಗ್ ಮುಗಿದ ಮೇಲೆ ಟ್ಯಾಂಕಿಗೆ ನೀರು ತುಂಬಿಸಿ ಮಟ್ಟಕ್ಕೆ ಗುರುತು ಹಾಕಿ. ಗೋಡೆ ಹೀರಿಕೊಂಡಷ್ಟನ್ನು ಮರುದಿನ ತುಂಬಿಸಿ, ಮತ್ತೆ 24 ಗಂಟೆ ಬಿಡಿ. ಗುರುತು ಇಳಿದರೆ ಗೌಂಡಿಗೆ ಕೊನೆಯ ಕಂತು ಕೊಡಬೇಡಿ, ಮೊದಲು ಸರಿಮಾಡಿಸಿ. ಒಳಬರುವ, ಹೊರಹೋಗುವ ಪೈಪುಗಳಿಗೆ ಟೀ ಆಕಾರದ ತುಂಡು, ಮಾಡಿಗಿಂತ ಎತ್ತರದ ಗಾಳಿಕೊಳವೆ, ಅದರ ಬಾಯಿಗೆ ಸೊಳ್ಳೆಜಾಲರಿ ಇವು ಮೂರನ್ನು ಗೌಂಡಿಗಳು ಮರೆಯುವುದು ಹೆಚ್ಚು.

ಹೊಸದು ನಡೆಯತೊಡಗಿದ ಮೇಲೆ ಹಳೆಯ ಗುಂಡಿಯನ್ನು ಯಂತ್ರದಿಂದ ಖಾಲಿ ಮಾಡಿಸಿ, ಮಣ್ಣು ತುಂಬಿಸಿ, ದಮ್ಮಸ್ಸು ಮಾಡಿಸಿ. ಚಪ್ಪಡಿ ಮುಚ್ಚಿ ಹಾಗೆಯೇ ಬಿಟ್ಟರೆ ಒಂದು ದಿನ ಅದರ ಮೇಲೆ ದನ ನಿಲ್ಲುತ್ತದೆ, ಅಥವಾ ಮಗು.

ಖಾಲಿ ಮಾಡಿಸಿದ ತಿಂಗಳು, ವರ್ಷವನ್ನು ಮುಚ್ಚಳದ ಅಂಚಿನಲ್ಲಿ ಪೇಂಟಿನಿಂದ ಬರೆಸಿ. ಮುಂದಿನ ಆಗಸ್ಟ್‌ನಲ್ಲಿ, ಸತತ ನಾಲ್ಕೈದು ದಿನ ಮಳೆ ಹೊಯ್ದ ಮೇಲೆ, ಬಾವಿಯ ನೀರನ್ನು ಮತ್ತೊಂದು ಎಚ್‌ಟುಎಸ್ ಬಾಟಲಿಗೆ ತುಂಬಿಸಿ ಕಟ್ಟೆಯ ಮೇಲಿಡಿ. ಎರಡು ದಿನ ಕಳೆದರೂ ಕಪ್ಪಾಗದಿದ್ದರೆ ಪ್ರಯೋಗಾಲಯಕ್ಕೆ ಒಂದು ಮಾದರಿ ಕೊಟ್ಟು, ಆ ವರದಿ ಕೈಗೆ ಬಂದ ಮೇಲೆ ಬಾವಿಯ ನೀರು ಕುಡಿಯಲು ಶುರುಮಾಡಿ.